ತೆಗೆದು ಹಾಕು

ಕಸೂತಿ ಕಾರ್ಖಾನೆಯಲ್ಲಿ ಅವಳಿಗೆ ಪಂಚಿಂಗ್ ಅಕ್ಕ ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಇದು ಯಾರನ್ನೋ ಗುದ್ದುವ ಕೆಲಸವಿರಬೇಕು ಎಂದುಕೊಂಡು ಎರಡು ದಿನ ಅವಳಿಂದ ಒಂದು ಮಾರು ದೂರವೇ ನಡೆಯುತ್ತಿದ್ದರು. ಅಕ್ಕ ಅವರನ್ನು ತಿದ್ದಲು ಹೋಗುತ್ತಿರಲಿಲ್ಲ. ಗುದ್ದುವುದಿರಲಿ, ಅವಳ ಕೆಲಸದಲ್ಲಿ ದನಿ ಎತ್ತುವ ಪ್ರಸಂಗವೂ ಬರುತ್ತಿರಲಿಲ್ಲ. ಯಾರೋ ಬರೆದುಕೊಟ್ಟ ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆಗಳಾಗಿ ಬಿಡಿಸುವುದು, ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ, ದಾರ ಉದ್ದಕ್ಕೆ ಓಡಬೇಕೋ ಅಡ್ಡಕ್ಕೋ ಎಂದು ಯಂತ್ರಕ್ಕೆ ಒಂದೊಂದಾಗಿ ಹೇಳಿಕೊಡುವುದು, ಇಷ್ಟೇ. ಒಂದು ಕಾಲದಲ್ಲಿ ಇದನ್ನೇ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಮಾಡುತ್ತಿದ್ದರು. ಕಾಗದ ಹೋಯಿತು, ತೂತು ಹೋಯಿತು, ಪಂಚಿಂಗ್ ಎಂಬ ಹೆಸರು ಮಾತ್ರ ಹೋಗಲು ಒಪ್ಪಲಿಲ್ಲ.

ಇಪ್ಪತ್ತೊಂದು ವರ್ಷದಿಂದ ಅವಳು ಕೂರುವುದು ಒಂದೇ ಜಾಗದಲ್ಲಿ. ಕಾರ್ಖಾನೆಯ ಮೂರನೇ ಮಹಡಿ, ಮೂಲೆಯಲ್ಲಿ ಗಾಜಿನ ಗೋಡೆ ಕಟ್ಟಿದ ಒಂದು ಸಣ್ಣ ಕೋಣೆ. ಗಾಜಿನಾಚೆ ಹನ್ನೆರಡು ತಲೆಯ ಕಸೂತಿ ಯಂತ್ರ. ಹನ್ನೆರಡು ಸೂಜಿಗಳು ಒಟ್ಟಿಗೆ ಏಳುತ್ತ ಬೀಳುತ್ತ ಒಂದೇ ಹೂವನ್ನು ಹನ್ನೆರಡು ಬಟ್ಟೆಗಳ ಮೇಲೆ ಹೊಲಿಯುವಾಗ ನೆಲವೇ ಜುಮ್ಮೆನ್ನುತ್ತದೆ. ಬೆನ್ನ ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಅಗಲವಾದ ಚರಂಡಿ, ಅದರ ಕೊಳಕು ನೀರಿನಲ್ಲಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಗಳು. ಅಕ್ಕ ಆ ಕಿಟಕಿಯನ್ನು ಮುಚ್ಚಿಯೇ ಇಡುತ್ತಿದ್ದಳು. ವಾಸನೆ ಬರುತ್ತದೆ ಎನ್ನುತ್ತಿದ್ದಳು. ವಾಸನೆ ಬರುತ್ತಿದ್ದುದು ನಿಜ, ಆದರೆ ಅದೇ ಪೂರ್ತಿ ಕಾರಣವಲ್ಲ.

ಶನಿವಾರ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಸಣ್ಣಗೆ ಹೊಗೆ ಬಂತು, ಸುಟ್ಟ ರಬ್ಬರಿನ ವಾಸನೆ ಬಂತು, ಪರದೆ ಕಪ್ಪಾಯಿತು. ಒಳಗಿದ್ದ ಡಿಸೈನುಗಳನ್ನು ಹೇಗೋ ಉಳಿಸಿಕೊಂಡರು. ಸೋಮವಾರ ಹೊಸ ಕಂಪ್ಯೂಟರ್ ಬಂತು. ಹಳೆಯ ಪಂಚಿಂಗ್ ಸಾಫ್ಟ್‌ವೇರನ್ನು ಅದರಲ್ಲಿ ಹಾಕಿದ್ದೂ ಆಯಿತು. ಆದರೆ ಆ ಸಾಫ್ಟ್‌ವೇರ್ ಬರೀ ಹಾಕಿದರೆ ತೆರೆದುಕೊಳ್ಳುವಂಥದ್ದಲ್ಲ. ಅದಕ್ಕೊಂದು ಕೀ ಇದೆ. ಹೆಬ್ಬೆರಳುದ್ದದ ಹಸಿರು ಪ್ಲಾಸ್ಟಿಕ್ಕಿನ ತುಂಡು. ಅದನ್ನು ಕಂಪ್ಯೂಟರಿಗೆ ಚುಚ್ಚಬೇಕು, ಚುಚ್ಚಿದಾಗ ಅದರೊಳಗೆ ಸಾಸಿವೆ ಕಾಳಿನಷ್ಟು ಕೆಂಪು ದೀಪ ಹತ್ತಬೇಕು, ಹತ್ತಿದರೆ ಮಾತ್ರ ಸಾಫ್ಟ್‌ವೇರ್ ಇವರು ದುಡ್ಡು ಕೊಟ್ಟು ಕೊಂಡವರೇ ಎಂದು ಒಪ್ಪಿ ಬಾಗಿಲು ತೆಗೆಯುತ್ತದೆ. ಕಂಪ್ಯೂಟರಿಗೆ ಈ ಕೀಯ ಗುರುತು ಹತ್ತಲು ಡ್ರೈವರ್ ಎಂಬ ಇನ್ನೊಂದು ಸಣ್ಣ ಪ್ರೋಗ್ರಾಂ ಹಾಕಬೇಕು. ಆ ಡ್ರೈವರೇ ಹೋಗಿ ಕೂರುತ್ತಿರಲಿಲ್ಲ. ಹಸಿರು ಪಟ್ಟಿ ಮುಕ್ಕಾಲು ಭಾಗದವರೆಗೆ ಚೆನ್ನಾಗಿಯೇ ಓಡುತ್ತಿತ್ತು, ಅಲ್ಲಿ ಏನೋ ನೆನಪಾದಂತೆ ನಿಲ್ಲುತ್ತಿತ್ತು, ಆಮೇಲೆ ಡ್ರೈವರ್ ಹಾಕಲು ಆಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. ಕೀಯೊಳಗಿನ ದೀಪ ಕಣ್ಣೇ ಬಿಡುತ್ತಿರಲಿಲ್ಲ.

ಅಕ್ಕ ಸೋಮವಾರ ಇಡೀ ದಿನ, ಮಂಗಳವಾರ ಇಡೀ ದಿನ ಇದರ ಜೊತೆ ಗುದ್ದಾಡಿದಳು. ಆ ಮಟ್ಟಿಗೆ ಹೊಸಬರ ಊಹೆ ನಿಜವಾಯಿತೆನ್ನಬೇಕು. ಕೀಯನ್ನು ಮುಂದಿನ ಕಿಂಡಿಗೆ ಚುಚ್ಚಿದಳು, ಹಿಂದಿನ ಕಿಂಡಿಗೆ ಚುಚ್ಚಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ವೈರಸ್ ಕಾಯುವ ಪ್ರೋಗ್ರಾಮನ್ನು ಸುಮ್ಮನಿರಿಸಿದಳು. ಸಿ.ಡಿ.ಯಲ್ಲಿರುವ ಡ್ರೈವರ್ ಹಳತಾಯಿತೇನೋ ಎಂದು ಕೀ ಮಾಡಿದವರ ಜಾಲತಾಣದಿಂದ ಹೊಸದನ್ನೇ ಇಳಿಸಿಕೊಂಡಳು. ಅದೂ ಮುಕ್ಕಾಲು ಭಾಗಕ್ಕೇ ನಿಂತಿತು. ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿದರೆ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ, ಇಷ್ಟು ಹಳೆಯದಕ್ಕೆ ನಾವು ಸಹಾಯ ಕೊಡುವುದು ನಿಲ್ಲಿಸಿದ್ದೇವೆ ಮೇಡಂ ಎಂದಳು. ಅಕ್ಕನಿಗೆ ಅದು ತನ್ನ ವಯಸ್ಸಿನ ಬಗ್ಗೆ ಹೇಳಿದಂತೆ ಕೇಳಿಸಿತು. ಅವಳಿಗೆ ನಲವತ್ತೆಂಟು.

ಈ ಎಲ್ಲ ಸರ್ಕಸ್ಸಿನ ನಡುವೆ ಅವಳು ಮತ್ತೆ ಮತ್ತೆ ತೆರೆದು ನೋಡುತ್ತಿದ್ದುದು ಒಂದು ಉದ್ದನೆಯ ನೋಟುಪುಸ್ತಕವನ್ನು. ಅವಳಿಗೆ ಕೆಲಸ ಕಲಿಸಿದ ಮಾಸ್ಟರು ಬಿಟ್ಟುಹೋದದ್ದು. ಯಂತ್ರದ ಪ್ರತಿಯೊಂದು ಕಾಯಿಲೆಗೂ ಅದರಲ್ಲಿ ಮದ್ದಿತ್ತು, ಒಂದೊಂದು ಸಾಲಿನಲ್ಲಿ. ಹೊಲಿಗೆ ಬಿಟ್ಟರೆ ಸೂಜಿ ತೆಗೆದು ಹಾಕು. ದಾರ ಗಂಟಾದರೆ ಬಾಬಿನ್ ತೆಗೆದು ಹಾಕು. ಬಟ್ಟೆ ಸುಕ್ಕಾದರೆ ಚೌಕಟ್ಟು ತೆಗೆದು ಹಾಕು. ಮಾಸ್ಟರಿಗೆ ಮಾತು ಕಮ್ಮಿ. ಇದ್ದ ಕಮ್ಮಿಯಲ್ಲಿ ಅರ್ಧಕ್ಕರ್ಧ ಈ ತೆಗೆದು ಹಾಕುವುದೇ. ಕಂಪ್ಯೂಟರಿನ ಪುಟದಲ್ಲೂ ಐದೇ ಸಾಲು:

ಸಿ.ಡಿ. ಹಾಕು.
ಪ್ರೋಗ್ರಾಂ ಹಾಕು.
ಕೀ ತೆಗೆದು ಹಾಕು.
ಡ್ರೈವರ್ ಹಾಕು.
ಕೆಂಪು ದೀಪ ಬಂದಮೇಲೆ ನೀರು ಕುಡಿ.

ಅಕ್ಕ ಅಕ್ಷರ ತಪ್ಪದೆ ಇದನ್ನೇ ಮಾಡಿದ್ದಳು. ಪ್ರತಿ ಸಲವೂ ಕೀಯನ್ನು ಕಿತ್ತು, ಐದು ಎಣಿಸಿ, ಮತ್ತೆ ಅದೇ ಕಿಂಡಿಗೆ ಚುಚ್ಚಿ, ಆಮೇಲೆಯೇ ಡ್ರೈವರಿಗೆ ಕೈ ಹಾಕಿದ್ದಳು. ಐದು ಎಣಿಸುವಷ್ಟು ಹೊತ್ತು ಕೂಡ ಅವಳ ಜೀವ ಬಾಯಿಗೆ ಬರುತ್ತಿತ್ತು. ಕೀಯನ್ನು ಯಾರೂ ಮುಟ್ಟಬಾರದು ಎಂಬುದು ಆ ಕೋಣೆಯ ಮೊದಲ ಕಾನೂನು. ಅದು ಕಳೆದರೆ ಸಾಫ್ಟ್‌ವೇರೇ ಕಳೆದಂತೆ. ಹಾಗಾಗಿ ಅವಳು ಅದರ ಬಾಲಕ್ಕೆ ಕೆಂಪು ಕಸೂತಿ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಂಪ್ಯೂಟರಿನ ಹಿಂಬದಿಗೆ ಬಿಗಿದಿದ್ದಳು. ಹೊಸ ಕಂಪ್ಯೂಟರ್ ಬಂದಾಗ ಮೊದಲು ಮಾಡಿದ ಕೆಲಸವೇ ಆ ದಾರವನ್ನು ಅದಕ್ಕೆ ಕಟ್ಟಿದ್ದು.

ಬುಧವಾರ ಬೆಳಿಗ್ಗೆ ಸಣ್ಣ ಯಜಮಾನ ಗಾಜಿನ ಬಾಗಿಲು ತಳ್ಳಿಕೊಂಡು ಬಂದ. ದೊಡ್ಡ ಯಜಮಾನರ ಸೋದರಳಿಯ. ಮಾವನಿಗೆ ಮಂಡಿನೋವು, ಮೂರು ಮಹಡಿ ಹತ್ತಲಾರರು, ಈಗ ಎಲ್ಲ ಇವನದೇ. ಕೆಟ್ಟವನಲ್ಲ. ಒಂದು ಕಡೆ ನಿಲ್ಲಲು ಬಾರದವನು, ಅಷ್ಟೇ.

"ಆಯ್ತಾ ಅಕ್ಕ?"

"ಇನ್ನೂ ಇಲ್ಲ."

"ಆಸ್ಪತ್ರೆಯವರು ನರ್ಸ್ ಕೋಟಿನ ಬ್ಯಾಡ್ಜು ಕೇಳ್ತಿದಾರೆ. ಡಿಸೈನೇ ಇಲ್ಲದೆ ಯಂತ್ರ ಸುಮ್ನೆ ನಿಂತಿದೆ." ಅವನು ಮೇಜಿನ ಮೇಲಿದ್ದ ದಾರದುಂಡೆಯನ್ನು ಉರುಳಿಸಿದ, ಮತ್ತೆ ಹಿಡಿದ. "ನೋಡಿ, ನಾಲ್ಕು ಗಂಟೆಗೆ ಹೊಸ ಸಾಫ್ಟ್‌ವೇರ್‌ನವರು ಬರ್ತಾರೆ. ಫೋಟೋ ಕೊಟ್ರೆ ಸಾಕಂತೆ, ಅದೇ ಹೊಲಿಗೆ ಮಾಡಿ ಕೊಡುತ್ತಂತೆ. ಅಷ್ಟರೊಳಗೆ ಇದು ಏಳದಿದ್ರೆ ಹಳೇದನ್ನ ತೆಗೆದು ಹಾಕೋಣ."

"ಅದೇ ಹೊಲಿಗೆ ಮಾಡಿದ್ರೆ ನಾನೇನು ಮಾಡ್ಲಿ?" ಅಕ್ಕ ತಮಾಷೆಯಂತೆ ಕೇಳಲು ನೋಡಿದಳು.

ಅವನು ಆ ಪ್ರಶ್ನೆಯನ್ನು ಮೊದಲ ಸಲ ಕೇಳಿಸಿಕೊಂಡವನಂತೆ ಕಂಡ. "ನೀವಾ? ಪ್ಯಾಕಿಂಗ್ ಕಡೆ ಯಾರಾದ್ರೂ ಹಳಬರು ಬೇಕಲ್ಲ ಅಕ್ಕ" ಎಂದು ದಾರದುಂಡೆಯನ್ನು ಮೇಜಿನ ಮೇಲಿಟ್ಟು ಹೋದ.

ಪ್ಯಾಕಿಂಗ್ ಕೀಳು ಕೆಲಸವೆಂದಲ್ಲ. ಇಪ್ಪತ್ತೊಂದು ವರ್ಷ ಯಂತ್ರಕ್ಕೆ ದಾರಿ ತೋರಿಸಿದವಳು ಇನ್ನು ಅದು ಹೊಲಿದದ್ದನ್ನು ಮಡಚಿ ಚೀಲಕ್ಕೆ ತುಂಬಬೇಕು. ಕೈಗೆ ಗೊತ್ತಿದ್ದ ಒಂದೇ ವಿದ್ಯೆ ನಾಲ್ಕು ಗಂಟೆಗೆ ಮುಗಿಯುತ್ತದೆ. ಗಡಿಯಾರದಲ್ಲಿ ಆಗ ಹತ್ತೂವರೆ.

ಮಧ್ಯಾಹ್ನದವರೆಗೆ ಇನ್ನೂ ಮೂರು ಸಲ ಡ್ರೈವರ್ ಹಾಕಿ ನೋಡಿದಳು. ಕಂಪ್ಯೂಟರಿಗೆ ಜೋಡಿಸಿದ ವಸ್ತುಗಳ ಪಟ್ಟಿಯಲ್ಲಿ ಕೀಯ ಎದುರಿಗೆ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಕಂಪ್ಯೂಟರಿಗೇ ಆಶ್ಚರ್ಯವಾದ ಮೇಲೆ ಅವಳೇನು ಹೇಳಬೇಕು! ಮಾಸ್ಟರಿಗೆ ಫೋನ್ ಮಾಡಬಹುದಿತ್ತು. ಸೋಮವಾರವೇ ಮಾಡಬಹುದಿತ್ತು. ಆದರೆ ಅಕ್ಕ ಮಾಸ್ಟರ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು, ಮತ್ತು ಈ ವಿಷಯ ಮಾಸ್ಟರಿಗೆ ಗೊತ್ತಿತ್ತೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ, ಮಾಸ್ಟರು ಕೆಲಸ ಬಿಡುವ ಕೊನೆಯ ವಾರ ನಡೆದದ್ದು ಇಷ್ಟು. ಅಲ್ಲಿಯವರೆಗೆ ಅಕ್ಕ ಇನ್ನೊಬ್ಬರು ಬರೆದ ಚಿತ್ರಕ್ಕೆ ಮಾತ್ರ ಹೊಲಿಗೆ ಹಾಕುತ್ತಿದ್ದಳು. ಆ ವರ್ಷ ಎರಡು ತಿಂಗಳು, ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ ತನ್ನದೇ ಒಂದು ಚಿತ್ರ ಮಾಡಿದಳು. ಚರಂಡಿಯ ಕೊಕ್ಕರೆ. ಹದಿನಾಲ್ಕು ಸಾವಿರ ಹೊಲಿಗೆ. ರೆಕ್ಕೆಯ ಬೂದು ಬಣ್ಣ ಒಂದರಿಂದ ಇನ್ನೊಂದಕ್ಕೆ ಜಾರುವ ಜಾಗಕ್ಕೇ ಮೂರು ವಾರ ಹಿಡಿದಿತ್ತು. ಯಂತ್ರ ಖಾಲಿಯಿದ್ದಾಗ ಒಂದು ತುಂಡು ಬಟ್ಟೆಯ ಮೇಲೆ ಹೊಲಿಸಿ, ಮಾಸ್ಟರ ಮೇಜಿನ ಮೇಲಿಟ್ಟು ನಿಂತಳು. ಮಾಸ್ಟರು ಕನ್ನಡಕ ಹಣೆಗೇರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಬಟ್ಟೆಯ ಮೇಲೆ ಉಗುರಿನಿಂದ ಟಕಟಕನೆ ಕುಟ್ಟಿದರು. "ತೆಗೆದು ಹಾಕು" ಎಂದರು. ಅಷ್ಟರಲ್ಲಿ ಆಚೆ ಯಾರೋ ದಾರ ಕಿತ್ತುಹೋಯಿತೆಂದು ಕೂಗಿದರು, ಮಾಸ್ಟರು ಎದ್ದು ಹೋದರು.

ಅಕ್ಕ ಅವತ್ತೇ ಸಂಜೆ ಕೊಕ್ಕರೆಯ ಫೈಲನ್ನು ಅಳಿಸಿದಳು. ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸಾಗದೆ ಚೀಲದೊಳಗೆ ತುರುಕಿ ಮನೆಗೊಯ್ದು, ಅಲ್ಲಿ ಬುಟ್ಟಿಗೆ ಹಾಕಿದಳು. ಮಾಸ್ಟರನ್ನು ಬೀಳ್ಕೊಡುವ ದಿನ ಜ್ವರವೆಂದು ಹೇಳಿ ಕಳಿಸಿ, ಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು. ಅವಳು ಇದ್ದದ್ದು ತಂಗಿಯ ಜೊತೆ. ಪ್ರಾಣಿಗಳ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ತಂಗಿಗೆ ಬೊಗಳುವುದನ್ನೂ ಗುರುಗುಟ್ಟುವುದನ್ನೂ ಕೇಳಿ ಅಭ್ಯಾಸ, ಅಕ್ಕನ ಸಿಟ್ಟಿಗೆ ಹೆದರುವವಳಲ್ಲ. "ಹೋಗಿ ಕೇಳಬಾರದಾ, ಯಾಕೆ ಹಾಗಂದ್ರಿ ಅಂತ?" ಎಂದಳು. ಅಕ್ಕ ಕೇಳಲಿಲ್ಲ. ಅಲ್ಲಿಂದೀಚೆಗೆ ಅವಳು ತನ್ನದೆಂದು ಒಂದು ಗೆರೆಯನ್ನೂ ಹಾಕಿರಲಿಲ್ಲ. ಶಾಲೆಯ ಲಾಂಛನ, ಹೋಟೆಲಿನ ಹೆಸರು, ದಿಂಬಿನ ಮೇಲಿನ ಎರಡಕ್ಷರ. ಅವಳ ಕೆಲಸದಲ್ಲಿ ತಪ್ಪೇ ಇರುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ತಪ್ಪಾಗುವಂಥದ್ದಕ್ಕೆ ಅವಳು ಕೈಯೇ ಹಾಕುತ್ತಿರಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡೂವರೆಗೆ ಅಕ್ಕ ನೋಟುಪುಸ್ತಕದ ಮೊದಲ ಪುಟ ತಿರುಗಿಸಿದಳು. ಅಲ್ಲಿ ದಾರದ ಬಣ್ಣಗಳ ಒಂದು ಚೀಟಿ ಅಂಟಿಸಿತ್ತು. ಅಂಟಿಸಿದವಳು ಅವಳೇ. ಉಗುರು ಹಾಕಿ ಕಿತ್ತಳು. ಕೆಳಗೆ ಮಾಸ್ಟರ ಅಕ್ಷರದಲ್ಲಿ ಒಂದು ಫೋನ್ ನಂಬರು, ಪಕ್ಕದಲ್ಲಿ "ಸಿಕ್ಕಿಕೊಂಡರೆ ಫೋನ್ ಮಾಡು" ಎಂದು. ಇನ್ನು ಒಂದೂವರೆ ತಾಸು ಉಳಿದಿತ್ತು. ಅಕ್ಕ ತನ್ನ ಸಿಟ್ಟನ್ನೂ ಪ್ಯಾಕಿಂಗ್ ಕೋಣೆಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಳು, ಹಲ್ಲು ಕಚ್ಚಿ ನಂಬರು ಒತ್ತಿದಳು.

ಎತ್ತಿದ್ದು ಮಾಸ್ಟರ ಮಗಳು. "ಅಯ್ಯೋ, ಪಂಚಿಂಗ್ ಅಕ್ಕನಾ! ಇರಿ, ಕೊಡ್ತೀನಿ. ಸ್ವಲ್ಪ ಜೋರಾಗಿ ಮಾತಾಡಿ, ಕಿವಿ ಮಂದ ಆಗಿದೆ ಅಪ್ಪಂಗೆ."

ಏನೋ ಸರಿದ ಸದ್ದು, ಕೆಮ್ಮು. "ಯಾರು?"

"ನಾನು ಮಾಸ್ಟ್ರೇ. ಕಾರ್ಖಾನೆಯಿಂದ. ಪಂಚಿಂಗ್."

"ಓ, ನೀನಾ. ಜ್ವರ ಬಿಡ್ತಾ?"

ಒಂಬತ್ತು ವರ್ಷ ಈ ಪ್ರಶ್ನೆಯನ್ನು ಮುದುಕ ಬಾಯೊಳಗೇ ಇಟ್ಟುಕೊಂಡಿದ್ದನಲ್ಲ! ನಗು ಬಂತೋ ಅಳು ಬಂತೋ, ಅಕ್ಕ ಎರಡನ್ನೂ ತಡೆದು ನೇರವಾಗಿ ಕೆಲಸದ ಮಾತಿಗಿಳಿದಳು.

"ಬಿಡ್ತು ಮಾಸ್ಟ್ರೇ. ಹೊಸ ಕಂಪ್ಯೂಟರ್ ಬಂದಿದೆ. ಡ್ರೈವರ್ ಹೋಗ್ತಿಲ್ಲ. ಮುಕ್ಕಾಲು ಭಾಗಕ್ಕೆ ನಿಲ್ಲುತ್ತೆ. ದೀಪ ಬರ್ತಿಲ್ಲ."

"ಕೀ ತೆಗೆದು ಹಾಕ್ದೆಯಾ?"

"ಹಾಕ್ದೆ. ಹತ್ತು ಸಲ ತೆಗೆದು ಹಾಕ್ದೆ."

"ಹತ್ತು ಸಲ ಯಾಕೆ? ಒಂದು ಸಲ ತೆಗೆದು ಹಾಕಿದ್ರೆ ಮುಗೀತಲ್ಲ."

"ಒಂದು ಸಲಕ್ಕೆ ಆಗ್ಲಿಲ್ಲ, ಅದಕ್ಕೆ ಇನ್ನೊಂದು ಸಲ ತೆಗೆದೆ."

"ಇನ್ನೊಂದು ಸಲ ತೆಗಿಯೋಕೆ ಅದು ಅಲ್ಲಿ ಹೇಗೆ ಬಂತು?"

"ನಾನೇ ಹಾಕಿದ್ನಲ್ಲ ಮಾಸ್ಟ್ರೇ!"

"ಹಾಕು ಅಂತ ಯಾರು ಹೇಳಿದ್ದು?"

"ನೀವೇ! ಪುಸ್ತಕದಲ್ಲಿ ಬರೆದಿದೀರಿ, ಮೂರನೇ ಸಾಲು, ಕೀ ತೆಗೆದು ಹಾಕು ಅಂತ."

"ನಾನೂ ಅದನ್ನೇ ಹೇಳ್ತಿರೋದು, ತೆಗೆದು ಹಾಕು!" ಮಾಸ್ಟರ ದನಿ ಹಳೆಯ ಎತ್ತರಕ್ಕೆ ಬಂತು. "ಈಗ ಕೀ ಎಲ್ಲಿದೆ, ಅದನ್ನ ಹೇಳು."

"ಕಂಪ್ಯೂಟರಲ್ಲಿ."

"ತೆಗೆದು ಹಾಕಿದೀನಿ ಅಂತೀಯ, ಕಂಪ್ಯೂಟರಲ್ಲಿದೆ ಅಂತೀಯ. ಕಿವಿ ಮಂದ ನನಗಾ ನಿನಗಾ?"

ಅಕ್ಕ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಕಣ್ಣು ಮೂರನೇ ಸಾಲಿಗೆ ಹೋಯಿತು. ಸೂಜಿ ತೆಗೆದು ಹಾಕು ಎಂದರೆ ತೆಗೆದು ಮತ್ತೆ ಹಾಕು. ಬಾಬಿನ್ ತೆಗೆದು ಹಾಕು ಎಂದರೂ ಅದೇ. ಅದೇ ಲೆಕ್ಕದಲ್ಲಿ ಅವಳು ಕೀಯನ್ನೂ ತೆಗೆದು, ಮತ್ತೆ ಹಾಕಿದ್ದಳು. ಆದರೆ ಕಸ ತೆಗೆದು ಹಾಕು ಎಂದರೆ ಯಾರೂ ಕಸವನ್ನು ತೆಗೆದು ಮತ್ತೆ ಅಲ್ಲೇ ಹಾಕುವುದಿಲ್ಲ. ಈ ಸಾಲು ಆ ಜಾತಿಯದು.

"ಹೊರಗೆ ಇಡಬೇಕಿತ್ತಾ ಮಾಸ್ಟ್ರೇ?"

"ಮತ್ತೆ? ಡ್ರೈವರ್ ಹೋಗುವಾಗ ಕೀ ಒಳಗಿರಬಾರದು. ಇದ್ರೆ ಕಂಪ್ಯೂಟರ್ ಅದನ್ನ ನೋಡಿ, ಇದ್ಯಾವುದೋ ಅಂತ ತನಗೆ ತೋಚಿದ ಹೆಸರಿಟ್ಟು ಕೂತುಬಿಡುತ್ತೆ. ಆಮೇಲೆ ನಿಜವಾದ ಡ್ರೈವರ್ ಬಂದ್ರೆ ಒಳಗೆ ಬಿಟ್ಟುಕೊಳ್ಳಲ್ಲ. ಮೊದಲು ಡ್ರೈವರ್. ಅದು ಪೂರ್ತಿ ಹೋದ ಮೇಲೆ ಈಗ ಕೀ ಹಾಕು ಅಂತ ತಾನೇ ಕೇಳುತ್ತೆ. ಆಗ ಹಾಕು."

"ಅದನ್ನ ನೀವು ಬರೆದೇ ಇಲ್ಲ."

"ಅದೇ ಕೇಳುತ್ತೆ ಅಂದ ಮೇಲೆ ನಾನ್ಯಾಕೆ ಬರೀಲಿ? ಪಟ್ಟಿಯಲ್ಲಿ ಹಳದಿ ತ್ರಿಕೋನ ಬಂದಿದೆಯಾ?"

"ಬಂದಿದೆ."

"ಅದನ್ನೂ ತೆಗೆದು ಹಾಕು."

"ಯಾವ ತೆಗೆದು ಹಾಕು?" ಅಕ್ಕ ಈ ಸಲ ಜೋಪಾನವಾಗಿ ಕೇಳಿದಳು.

"ಪೂರ್ತಿ. ಅರ್ಧಂಬರ್ಧ ಹೋಗಿ ಕೂತಿರೋ ಡ್ರೈವರನ್ನೂ ಪೂರ್ತಿ. ಆಮೇಲೆ ಕಂಪ್ಯೂಟರ್ ಆರಿಸಿ ಹಚ್ಚು. ನಾನು ಫೋನಲ್ಲೇ ಇರ್ತೀನಿ."

ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ದಾರದುಂಡೆಗೆ ಒರಗಿಸಿಟ್ಟಳು. ಮೊದಲು ಹಳದಿ ತ್ರಿಕೋನದ ಸಾಲನ್ನು ಅಳಿಸಿದಳು, ಆಮೇಲೆ ಅರ್ಧ ಕೂತ ಡ್ರೈವರನ್ನು. ಕೀ ಕಿತ್ತಳು. ಕಿತ್ತ ಮೇಲೂ ಅದು ಕೆಂಪು ದಾರಕ್ಕೆ ತೂಗಾಡುತ್ತ ಕಿಂಡಿಯ ಪಕ್ಕದಲ್ಲೇ ಇತ್ತು. ಕೈ ತನ್ನಷ್ಟಕ್ಕೇ ಅದನ್ನು ಮತ್ತೆ ಚುಚ್ಚಲು ಹೋಯಿತು. ಅವಳು ಕತ್ತರಿ ತೆಗೆದುಕೊಂಡು ದಾರವನ್ನು ಕತ್ತರಿಸಿ, ಕೀಯನ್ನು ಮೇಜಿನ ಆ ತುದಿಗೆ ಸರಿಸಿಟ್ಟಳು. ಕಂಪ್ಯೂಟರ್ ಆರಿತು. ಮತ್ತೆ ಏಳುವವರೆಗೆ ಮಾಡಲು ಏನೂ ಇರಲಿಲ್ಲ. ಫೋನಿನಲ್ಲಿ ಮಾಸ್ಟರ ಉಸಿರು ಕೇಳುತ್ತಿತ್ತು.

"ಮಾಸ್ಟ್ರೇ, ಒಂದು ಮಾತು ಕೇಳ್ಲಾ?"

"ಕೇಳು."

"ನನ್ನ ಕೊಕ್ಕರೆ ತೆಗೆದು ಹಾಕು ಅಂದಿದ್ರಲ್ಲ. ಅದು ಯಾವ ತೆಗೆದು ಹಾಕು?"

"ಯಾವ ಕೊಕ್ಕರೆ?"

ಅಕ್ಕ ಹೇಳಿದಳು. ಎರಡು ತಿಂಗಳು, ಹದಿನಾಲ್ಕು ಸಾವಿರ ಹೊಲಿಗೆ, ಕೊನೆಯ ವಾರ, ಮೇಜು, ಕನ್ನಡಕ. ಮಾಸ್ಟರು ಎಲ್ಲ ಕೇಳಿದರು.

"ಇಲ್ಲಮ್ಮ, ನೆನಪಿಲ್ಲ" ಎಂದರು.

ಅವಳು ಒಂಬತ್ತು ವರ್ಷ ಹೊತ್ತುಕೊಂಡು ತಿರುಗಿದ್ದು ಅವರ ತಲೆಯಲ್ಲಿ ಒಂದು ಸಂಜೆಯೂ ನಿಂತಿರಲಿಲ್ಲ. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

"ಒಂದು ಹೇಳು" ಎಂದರು ಮಾಸ್ಟರು. "ಸುಮ್ನೆ ಹೇಳಿದ್ನಾ, ಬಟ್ಟೆ ಮೇಲೆ ಕೈಯಿಟ್ಟು ಹೇಳಿದ್ನಾ?"

"ಉಗುರಲ್ಲಿ ಕುಟ್ಟಿ ಹೇಳಿದ್ರಿ."

"ಎಲ್ಲಿ ಕುಟ್ಟಿದೆ?"

ಅಕ್ಕ ನೆನಪು ಮಾಡಿಕೊಂಡಳು. ಟಕಟಕ ಸದ್ದು ಕಿವಿಯಲ್ಲಿತ್ತು. ಬೆರಳು ಎಲ್ಲಿತ್ತು ಎಂಬುದು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. "ಗೊತ್ತಿಲ್ಲ. ನಾನು ನಿಮ್ಮ ಮುಖ ನೋಡ್ತಿದ್ದೆ."

"ಬಟ್ಟೆ ನೋಡ್ಬೇಕಿತ್ತು" ಎಂದರು ಮಾಸ್ಟರು. "ಕೆಲಸಕ್ಕೆ ಬಾರದ್ದಾದ್ರೆ ನಾನು ಮಡಚಿ ವಾಪಸ್ ಕೊಡ್ತಿದ್ದೆ. ಯಾವ ಬಟ್ಟೆಗೂ ಸುಮ್ಸುಮ್ನೆ ಕುಟ್ಟಿದವನಲ್ಲ ನಾನು. ಆ ಜಾಗದಲ್ಲಿ ಏನೋ ಇತ್ತು. ಹೋಗಿ ನೋಡು. ಕಂಪ್ಯೂಟರ್ ಎದ್ದಿತಾ?"

ಎದ್ದಿತ್ತು. ಕೀ ಮೇಜಿನ ಆ ತುದಿಯಲ್ಲೇ ಇತ್ತು. ಅಕ್ಕ ಹೊಸ ಡ್ರೈವರನ್ನು ಓಡಿಸಿದಳು. ಹಸಿರು ಪಟ್ಟಿ ಅರ್ಧ ದಾಟಿತು, ಮುಕ್ಕಾಲಿಗೆ ಬಂತು. ಅಲ್ಲಿ ಒಂದು ಕ್ಷಣ ತಡೆದಾಗ ಅವಳು ಮೇಜಿನಂಚನ್ನು ಹಿಡಿದುಕೊಂಡಳು. ಪಟ್ಟಿ ಮುಂದಕ್ಕೆ ಸರಿದು ಕೊನೆ ಮುಟ್ಟಿತು. ಈಗ ಕೀ ಹಾಕಿ ಎಂದು ಪರದೆ ಕೇಳಿತು. ಅವಳು ಹಾಕಿದಳು. ಹಸಿರು ಪ್ಲಾಸ್ಟಿಕ್ಕಿನೊಳಗೆ ಸಾಸಿವೆ ಕಾಳಿನಷ್ಟು ಕೆಂಪು ದೀಪ ಹತ್ತಿತು.

"ಬಂತು ಮಾಸ್ಟ್ರೇ!"

"ಐದನೇ ಸಾಲು ಓದು" ಎಂದು ಮಾಸ್ಟರು ಫೋನಿಟ್ಟರು.

ಅಕ್ಕ ಒಂದು ಲೋಟ ನೀರನ್ನು ನಿಧಾನವಾಗಿ ಕುಡಿದಳು. ನಾಲ್ಕಕ್ಕೆ ಇಪ್ಪತ್ತು ನಿಮಿಷವಿರುವಾಗ ಸಣ್ಣ ಯಜಮಾನ ಬಂದು ನೋಡಿದ. ಪರದೆಯ ಮೇಲೆ ಆಸ್ಪತ್ರೆಯ ಲಾಂಛನದ ಅರ್ಧ ಹೊಲಿಗೆ ಆಗಲೇ ಕೂತಿತ್ತು. ಅವನಿಗೆ ಖುಷಿಯೇ ಆಯಿತು. ಹೊಸ ಸಾಫ್ಟ್‌ವೇರ್‌ನವರಿಗೆ ಅಲ್ಲೇ ಫೋನ್ ಮಾಡಿ, ಈಗ ಬೇಡ, ಮುಂದಿನ ವರ್ಷ ನೋಡೋಣ ಎಂದ. "ಸದ್ಯಕ್ಕೆ ಹಳೇದನ್ನ ತೆಗೆದು ಹಾಕೋದು ಬೇಡ ಬಿಡಿ ಅಕ್ಕ" ಎಂದು ನಕ್ಕು ಹೋದ. ಮುಂದಿನ ವರ್ಷ ಎಂಬುದು ಬಂದೇ ಬರುತ್ತದೆ ಎಂದು ಅಕ್ಕನಿಗೆ ಗೊತ್ತಿಲ್ಲದೇನಿಲ್ಲ. ಆದರೆ ಅದು ಬರುವವರೆಗೆ ಈ ಕುರ್ಚಿ ಅವಳದು.

ಅವಳು ಪೆನ್ನು ತೆಗೆದುಕೊಂಡು ಮೂರನೇ ಸಾಲಿನ ಪಕ್ಕದಲ್ಲಿ, ಮುಂದೆ ಯಾರು ಓದಿದರೂ ಎಡವದ ಹಾಗೆ, "ಕಿತ್ತು ದೂರ ಇಡು, ಕೇಳುವ ತನಕ ಮುಟ್ಟಬೇಡ" ಎಂದು ಬರೆದಳು. ಬರೆಯುತ್ತ ಬರೆಯುತ್ತ ಅವಳಿಗೆ ಒಂದು ವಿಷಯ ಹೊಳೆದು ಕೈ ನಿಂತಿತು. ಸೂಜಿಗೆ, ಬಾಬಿನ್ನಿಗೆ, ಕೊನೆಗೆ ಆ ಪ್ಲಾಸ್ಟಿಕ್ ತುಂಡಿಗೂ ಮಾಸ್ಟರು ತೆಗೆದು ಹಾಕು ಎಂದರೆ, ಮತ್ತೆ ಹಾಕು ಎಂದೇ ಅವಳಿಗೆ ಕೇಳಿಸಿತ್ತು. ಅದೇ ಬಾಯಿ, ಅದೇ ಮಾತು. ತನ್ನ ಕೊಕ್ಕರೆಗೆ ಹೇಳಿದಾಗ ಮಾತ್ರ, ಎಸೆದುಬಿಡು ಎಂದು ಕೇಳಿಸಿತ್ತು. ಮಾಸ್ಟರು ಹಾಗೆ ಹೇಳಿದ್ದರೋ ಇಲ್ಲವೋ, ಹಾಗೆ ಕೇಳಿಸಿಕೊಳ್ಳಲು ಅವಳು ಮೊದಲೇ ತಯಾರಾಗಿ ನಿಂತಿದ್ದಳು. ಅಕ್ಕನಿಗೆ ತನ್ನ ಮೇಲೆಯೇ ಅಯ್ಯೋ ಎನಿಸಿತು.

ಅವತ್ತು ಮನೆಗೆ ಹೋದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದಳು. ಮಿಕ್ಸಿಯ ಮೇಲೆ ಒಂದು ಬಟ್ಟೆ ಮುಚ್ಚಿತ್ತು. ಒಂಬತ್ತು ವರ್ಷದ ಹಿಂದೆ ಕಸದ ಬುಟ್ಟಿಗೆ ಹಾಕಿದ್ದನ್ನು ತಂಗಿ ಎತ್ತಿ, ಒಗೆದು, ಮಿಕ್ಸಿಗೆ ಹೊದಿಸಿದ್ದಳು. ತಂಗಿ ಅದನ್ನು ಕೊಕ್ಕರೆ ಮೇಲೆ ಬರುವಂತೆ ಹೊದಿಸುವುದು, ಅಕ್ಕ ಮಗುಚಿ ಹಾಕುವುದು, ಒಂಬತ್ತು ವರ್ಷದಿಂದ ಮಾತಿಲ್ಲದೆ ನಡೆದಿತ್ತು. ಅವತ್ತೂ ಬಟ್ಟೆ ಮಗುಚಿಯೇ ಇತ್ತು. ಅಕ್ಕ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

ರೆಕ್ಕೆ ಚೆನ್ನಾಗಿತ್ತು. ಬೇರೆ ಯಾರೋ ಮಾಡಿದ್ದನ್ನು ನೋಡುವ ಹಾಗೆ ನೋಡಿದಳು, ಆಗಲೂ ಚೆನ್ನಾಗಿತ್ತು. ಬೂದು ಬಣ್ಣ ಎಲ್ಲಿ ಮುಗಿದು ಎಲ್ಲಿ ಬಿಳಿ ಶುರುವಾಯಿತೆಂದು ಈಗಲೂ ಹೇಳಲಾಗುತ್ತಿರಲಿಲ್ಲ. ಕುತ್ತಿಗೆ ಸರಿಯಿತ್ತು, ಕಣ್ಣು ಸರಿಯಿತ್ತು. ಆಮೇಲೆ ಕಾಲು ನೋಡಿದಳು. ಉದ್ದನೆಯ ತೆಳ್ಳನೆಯ ಕಾಲಿಗೆ ಅಡ್ಡ ಹೊಲಿಗೆ ಹಾಕಬೇಕಾದಲ್ಲಿ ಉದ್ದಕ್ಕೆ ಓಡಿಸಿದ್ದಳು. ದಾರ ಬಿಗಿದು ಬಟ್ಟೆ ಸುಕ್ಕಾಗಿ, ಪಾಪ, ಹಕ್ಕಿ ಮಂಡಿ ನೋವಿನವರಂತೆ ನಿಂತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಜನರ ಡಿಸೈನಿನಲ್ಲಿ ಈ ತಪ್ಪನ್ನು ಅವಳೇ ತಿದ್ದಿದ್ದಳು! ಎರಡು ಕಾಲು, ಬರೀ ಎರಡು ಕಾಲು. ಅರ್ಧ ತಾಸಿನ ಕೆಲಸ. ಅಕ್ಕನ ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು, ಹೊಲಿಗೆ ಬಿಚ್ಚುವ ಕೊಕ್ಕೆ ಹುಡುಕಿ ತಂದು, ಕಿಟಕಿಯ ಬಳಿ ಕೂತಳು.

ತಂಗಿ ಕೆಲಸದಿಂದ ಬಂದು ಅಡುಗೆಮನೆಗೆ ಕಾಲಿಟ್ಟಾಗ ಬಟ್ಟೆ ಮಿಕ್ಸಿಯ ಮೇಲೆ ವಾಪಸ್ಸು ಬಂದಿತ್ತು, ಕೊಕ್ಕರೆ ಮೇಲೆ ಬರುವಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಹಾಗೆ ಹೊದಿಸಿದ್ದು ತಾನಲ್ಲ ಎಂದು ತಂಗಿಗೆ ಹೊಳೆಯಲು ಒಂದು ನಿಮಿಷ ಹಿಡಿಯಿತು. ಆಮೇಲೆ ಹತ್ತಿರ ಬಗ್ಗಿ ನೋಡಿ ಕೂಗಿದಳು.

"ಅಕ್ಕಾ, ಏನೇ ಇದು? ಹಕ್ಕಿಗೆ ಕಾಲೇ ಇಲ್ಲ!"

ಅಕ್ಕ ಬಿಚ್ಚಿದ ದಾರದ ಎಳೆಗಳನ್ನು ಮಡಿಲಿನಿಂದ ಕೊಡವುತ್ತಿದ್ದಳು.

"ತೆಗೆದಿದೀನಿ" ಎಂದಳು. "ನಾಳೆ ಹಾಕ್ತೀನಿ."